ಏಳನೇ ದಿನದ ಸೂಜಿ

ಬೆಳಗಿನ ಆರು ಗಂಟೆಗೆ ಶಕುಂತಲಾಳ ಉಡಿಯಲ್ಲಿ ಐದು ಸೂಜಿಗಳಿರುತ್ತಿದ್ದವು.

ಊರಲ್ಲಿ ಹತ್ತಿ ಬಿಡಿಸುವಾಗ ಸೆರಗನ್ನು ಸೊಂಟಕ್ಕೆ ಬಿಗಿದು ಉಡಿ ಕಟ್ಟುತ್ತಿದ್ದಳು. ಇಲ್ಲಿಯೂ ಹಾಗೆಯೇ ಕಟ್ಟುತ್ತಿದ್ದಳು. ಹತ್ತಿಯ ಬದಲು ಔಷಧ ತುಂಬಿದ ಸಿರಿಂಜು. ಎಡಗೈಯಲ್ಲಿ ಹಸುವಿನ ಬಾಲ ಹಿಡಿಯಬೇಕು, ಬಲಗೈಯಲ್ಲಿ ಚುಚ್ಚಬೇಕು. ಟ್ರೇ ಇಡಲು ಜಾಗವಿಲ್ಲ, ಇಟ್ಟರೆ ಹಸು ಒದೆಯುತ್ತದೆ. ಐದು ಹಸುವಾದ ಮೇಲೆ ಮತ್ತೆ ಐದು ತುಂಬಿಕೊಂಡು ಬರಬೇಕು. ಮುಚ್ಚಳ ಸಡಿಲವಿದ್ದರೆ ಔಷಧ ಸೋರುತ್ತಿತ್ತು. ಸೋರಿದ್ದು ಸೀರೆಗೆ, ಸೀರೆಯಿಂದ ಹೊಟ್ಟೆಗೆ. ಸ್ವಲ್ಪ ಹೊತ್ತು ತಣ್ಣಗಿದ್ದು ಆರಿಹೋಗುತ್ತಿತ್ತು. ಅವಳು ಅದರ ಬಗ್ಗೆ ಯೋಚಿಸಿರಲಿಲ್ಲ. ಸಗಣಿ, ಗಂಜಳ, ಬೆವರು ಎಲ್ಲವೂ ಮೈಮೇಲೆ ಇರುವಾಗ ಎರಡು ಹನಿ ಔಷಧದ ಬಗ್ಗೆ ಯಾರು ಯೋಚಿಸುತ್ತಾರೆ.

ಡೈರಿ ಇದ್ದದ್ದು ವಡೋದರಾದಿಂದ ಪಾದ್ರಾಕ್ಕೆ ಹೋಗುವ ರಸ್ತೆಯಲ್ಲಿ. ನಾನೂರು ಹಸು. ಹಾಲು ಗಾಜಿನ ಬಾಟಲಿಯಲ್ಲಿ ನಗರದ ಸಿರಿವಂತರ ಬಡಾವಣೆ ಅಲ್ಕಾಪುರಿಯ ಮನೆಗಳಿಗೆ ಹೋಗುತ್ತಿತ್ತು. ಬಾಟಲಿಯ ಮೇಲೆ ‘ಕೈ ಮುಟ್ಟದ ಹಾಲು’ ಎಂದು ಗುಜರಾತಿಯಲ್ಲಿ, ಇಂಗ್ಲಿಷಿನಲ್ಲಿ ಬರೆದಿತ್ತು. ಬಾಟಲಿ ತುಂಬುವ ಕೋಣೆಯ ಹೆಂಗಸರಿಗೆ ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈಗೆ ನೀಲಿ ಗ್ಲೌಸು. ಹಾಲಿಗೆ ಅವರ ಕೈ ತಾಗಬಾರದು ಎಂದು.

ಶಕುಂತಲಾಳನ್ನು ಮೊದಲು ಆ ಕೋಣೆಗೇ ಹಾಕುವುದಿತ್ತು. ಗಂಡ ಚಂದ್ರಕಾಂತ ಸೂರತ್ತಿನ ಉಧ್ನಾದಲ್ಲಿ ಮಗ್ಗದ ಕಾರ್ಖಾನೆಯಲ್ಲಿದ್ದ. ಅದು ಮುಚ್ಚಿದಾಗ ಇಬ್ಬರೂ ಇಲ್ಲಿಗೆ ಬಂದರು. ಡೈರಿಯ ಒಡೆಯ ಶೇಠ್ ಇವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಹುಡುಗಿ ಸ್ವಚ್ಛ ಇದ್ದಾಳೆ, ಬಾಟಲಿ ರೂಮಿಗೆ ಹಾಕು,” ಅಂದಿದ್ದ. ಮ್ಯಾನೇಜರ್ ಪ್ರಶಾಂತ್ ಹುಬ್ಬಳ್ಳಿಯವನು. ಅವನು ಚಂದ್ರಕಾಂತನ ಹೆಗಲ ಮೇಲೆ ಕೈ ಹಾಕಿ, ನಮ್ಮ ಕಡೆಯವರು ಸಿಕ್ಕರಲ್ಲ ಎಂದು ಚಹಾ ಕುಡಿಸಿದ. ಕುಡಿಸುತ್ತಾ ಕೇಳಿದ.

“ಕಲಬುರ್ಗಿ ಕಡೆ ಅಂದ್ರಿ. ಊರಾಗ ನಿಮ್ಮ ಮನಿ ಯಾವ ಓಣ್ಯಾಗ ಐತಿ?”

ಚಂದ್ರಕಾಂತ ಹೇಳಿದ. ಪ್ರಶಾಂತ್ ಹೆಗಲ ಮೇಲಿನ ಕೈ ತೆಗೆದು ಚಹಾದ ಲೋಟ ಹಿಡಿದುಕೊಂಡ. ಮರುದಿನದಿಂದ ಶಕುಂತಲಾ ಹಸುಗಳ ಹಿಂದೆ, ಚಂದ್ರಕಾಂತ ಮೇವಿನ ಟ್ರ್ಯಾಕ್ಟರಿನ ಹಿಂದೆ. ಸಾವಿರ ಕಿಲೋಮೀಟರ್ ದಾಟಿ ಬಂದಿದ್ದರು. ಗುಜರಾತಿನವರಿಗೆ ಆ ಪ್ರಶ್ನೆ ಕೇಳಲು ಬರುತ್ತಿರಲಿಲ್ಲ. ಅದನ್ನು ಕೇಳಲು ನಮ್ಮವನೇ ಬೇಕಾಗಿತ್ತು.

ಸೂಜಿಯ ಕೆಲಸವನ್ನು ಪ್ರಶಾಂತನೇ ಕಲಿಸಿದ.

“ಹಸು ತಾನಾಗಿ ಬೆದಿಗೆ ಬರೂದನ್ನ ಕಾಯ್ಕೋತ ಕುಂತ್ರ ಡೈರಿ ನಡಿಯೂದಿಲ್ಲ,” ಅಂದ. “ನಾವು ಹೇಳಿದ ದಿನ ಬರಬೇಕು. ನಲವತ್ತೆಂಟು ಹಸು ಒಂದ ಬ್ಯಾಚು. ಮೊದಲನೇ ದಿನ ಹಸಿರು ಮುಚ್ಚಳದ್ದು. ಅಲ್ಲಿಂದ ಏಳಕ್ಕ ಕೆಂಪು ಮುಚ್ಚಳದ್ದು. ಒಂಬತ್ತಕ್ಕ ಮತ್ತ ಹಸಿರು. ಮರುದಿನ ಡಾಕ್ಟರ್ ಬಂದು ವೀರ್ಯ ಹಾಕ್ತಾನ. ಒಂದ ತಾಸು ಹಿಂದ ಮುಂದ ಆದ್ರ ಹತ್ತು ದಿನದ ಕೆಲಸ ನೀರಾಗ ಹೋದಂಗ. ಚುಚ್ಚಿದ ಕೂಡಲೆ ಬೆನ್ನಿನ ಮ್ಯಾಲೆ ಬಣ್ಣದ ಸೀಮೆಸುಣ್ಣದ ಗೆರಿ ಎಳಿ. ಮರೀಬ್ಯಾಡ. ಗೆರಿ ಇಲ್ಲಂದ್ರ ಯಾವುದಕ್ಕ ಹಾಕೀವಿ, ಯಾವುದಕ್ಕ ಇಲ್ಲ, ದೇವರಿಗೂ ತಿಳಿಯೂದಿಲ್ಲ.”

ಶಕುಂತಲಾ ಎರಡು ವರ್ಷದಲ್ಲಿ ಒಂದು ಗೆರೆಯನ್ನೂ ಮರೆಯಲಿಲ್ಲ. ಅವಳ ಜೊತೆ ಕೆಲಸಕ್ಕಿದ್ದವಳು ಯಾದಗಿರಿಯ ಪ್ರೇಮಾ. ನಲವತ್ತು ದಾಟಿದ ಹೆಂಗಸು, ಬಾಯಿ ಜೋರು, ಎದೆ ದುರ್ಬಲ. ಕೆಂಪು ಮುಚ್ಚಳದ ದಿನ ಅವಳಿಗೆ ಉಬ್ಬಸ ಹತ್ತುತ್ತಿತ್ತು. ಗೋಡೆಗೆ ಒರಗಿ ಕೊಳಲಿನಂತೆ ಉಸಿರೆಳೆಯುತ್ತಾ, “ನೋಡು, ಶೇಠ್‌ಗೆ ಪುಕ್ಕಟೆ ಸನಾದಿ,” ಎಂದು ನಗುತ್ತಿದ್ದಳು.

ಆ ಎರಡು ವರ್ಷದಲ್ಲಿ ಶಕುಂತಲಾಳಿಗೆ ಎರಡು ಸಲ ಬಸುರು ನಿಂತಿತು, ಎರಡು ಸಲ ಇಳಿಯಿತು. ಮೊದಲನೆಯದು ದೀಪಾವಳಿಗೆ ಮುಂಚೆ. ಬಾಲ ಹಿಡಿದು ನಿಂತಾಗಲೇ ಕಾಲಿನ ಮೇಲೆ ಬಿಸಿ ಇಳಿಯಿತು. ಹಸುವಿನ ಗಂಜಳ ಎಂದುಕೊಂಡಳು. ಎರಡನೆಯದು ಹೋಳಿ ಆದ ಮೇಲೆ, ಡೈರಿಯವರು ಕೊಟ್ಟ ಕೋಣೆಯಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಕಡಿಮೆ ಇದೆ, ಸೊಪ್ಪು ತಿನ್ನು ಅಂದರು. ಅವಳು ತಿಂದಳು. ಪ್ರಶಾಂತ್ ಮೊದಲ ಸಲ ಎರಡು ದಿನ ರಜೆ ಕೊಟ್ಟ, ಎರಡನೇ ಸಲ ಒಂದು ದಿನ.

ಈಗ ಮೂರನೆಯದು ನಿಂತಿತ್ತು. ಎರಡು ತಿಂಗಳು ತುಂಬಿತ್ತು. ಅವಳು ಹೊರಗೆ ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿದ್ದು ಹದಿನೈದು ದಿನ ಬಿಟ್ಟು. ಹೇಳಿದರೆ ಯಾವ ಕೆಟ್ಟದ್ದಕ್ಕೋ ಕೇಳಿಸೀತು ಎಂಬ ಭಯ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಕ್ಕಿ ಆರಿಸುತ್ತಾ ಎದ್ದು ಬಾಗಿಲಿಗೆ ಹೋಗುವಳು, ಬಾಗಿಲಿನಿಂದ ಒಲೆಗೆ ಬರುವಳು. ದಿನಕ್ಕೆ ಹತ್ತು ಸಲ ಸೀರೆ ನೋಡಿಕೊಳ್ಳುವಳು. ಕಲೆ ಇಲ್ಲ ಎಂದರೆ ಒಂದು ಗಳಿಗೆ ಉಸಿರು. ಮತ್ತೆ ನೋಡಿಕೊಳ್ಳುವಳು.

ಆ ತಿಂಗಳಲ್ಲೇ ನೂರಾ ಹದಿನೆಂಟನೇ ಹಸುವಿನ ಕಂದು ಬಿದ್ದದ್ದು.

ಆಫೀಸಿನವರಿಗೆ ಅದು ನೂರಾ ಹದಿನೆಂಟು. ಕೆಲಸದ ಹೆಂಗಸರಿಗೆ ಅದು ಬೆಳ್ಳಕ್ಕಿ. ಕರಿಯ ಮೈಯಲ್ಲಿ ಕೊರಳಿನ ಹತ್ತಿರ ಬಿಳಿ ಪಟ್ಟೆ, ಅದಕ್ಕೆ. ಬೆಳ್ಳಕ್ಕಿಗೆ ಮೂರು ತಿಂಗಳ ಗಬ್ಬ ಎಂದು ಶಕುಂತಲಾಳಿಗೆ ಗೊತ್ತಿತ್ತು. ಹಿಂದಿನ ಬ್ಯಾಚಿನಲ್ಲಿ ಕೆಂಪು ಮುಚ್ಚಳದ ದಿನ ಪಟ್ಟಿಯಲ್ಲಿ ಅದರ ನಂಬರು ಬಂದಾಗ ಅವಳು ಪ್ರಶಾಂತನಿಗೆ ಹೇಳಿದ್ದಳು.

“ಸಾಹೇಬ್ರ, ಇದು ಗಬ್ಬ ಅದರಿ.”

“ಪಟ್ಟ್ಯಾಗ ಐತಿಲ್ಲೊ?”

“ಅದರಿ. ಆದ್ರ ಇದು—”

“ಪಟ್ಟ್ಯಾಗ ಇದ್ದದ್ದ ಮಾಡು. ನೀ ಡಾಕ್ಟರಲ್ಲ.”

ಅವಳು ಮಾಡಿದಳು. ಗಬ್ಬ ಎಂದು ಗೊತ್ತಿದ್ದೂ ಮಾಡಿದಳು. ಬೆಳ್ಳಕ್ಕಿ ಕತ್ತು ತಿರುಗಿಸಿ ನೋಡಿತು, ಅವಳು ಬೆನ್ನಿಗೆ ಗೆರೆ ಎಳೆದು ಮುಂದಿನ ಹಸುವಿಗೆ ಹೋದಳು. ನಾಲ್ಕನೇ ದಿನ ಬೆಳಿಗ್ಗೆ ಕೊಟ್ಟಿಗೆಯ ಮೂಲೆಯಲ್ಲಿ ಅಂಗೈಯಷ್ಟು ಉದ್ದದ ಕರು. ಕೂದಲಿಲ್ಲ. ಕಾಲ ತುದಿಯಲ್ಲಿ ಮೆತ್ತನೆ ಗೊರಸು.

ಪ್ರಶಾಂತ್ ಓಡಿ ಬಂದ. ಡಾಕ್ಟರ್ ಹೃಷಿಕೇಶ ವಡೋದರಾದಿಂದ ಕಾರಿನಲ್ಲಿ ಬಂದ. ಆ ಕರುವನ್ನು ಐಸಿನ ಡಬ್ಬಿಯಲ್ಲಿಟ್ಟು ಪರೀಕ್ಷೆಗೆ ಕಳಿಸಿದರು. ಬೆಳ್ಳಕ್ಕಿಗೆ ಬೇರೆ ಕೊಟ್ಟಿಗೆ, ಒಣ ಹುಲ್ಲಿನ ಹಾಸಿಗೆ, ಬೆಲ್ಲದ ನೀರು, ಹನ್ನೆರಡು ದಿನ ಆರೈಕೆ. ಡಾಕ್ಟರು ಮೂರು ಸಲ ಬಂದು ನೋಡಿದ. ಶಕುಂತಲಾ ಆ ಬೆಲ್ಲದ ನೀರನ್ನು ಬಕೀಟಿನಲ್ಲಿ ಹೊತ್ತು ಕೊಡುತ್ತಿದ್ದಳು. ಅವಳಿಗೆ ಹಸುವಿನ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ಅದರ ಹಣೆ ಸವರಿ, ಕುಡಿ ತಾಯಿ ಅನ್ನುತ್ತಿದ್ದಳು. ಆದರೆ ಲೆಕ್ಕ ಅವಳ ತಲೆಯಲ್ಲಿ ಓಡುತ್ತಿತ್ತು. ನಿಲ್ಲಿಸಲು ಆಗುತ್ತಿರಲಿಲ್ಲ. ನನಗೆ ಎರಡು ದಿನ. ನನಗೆ ಒಂದು ದಿನ. ನನ್ನದು ಯಾವ ಡಬ್ಬಿಗೂ ಹೋಗಲಿಲ್ಲ. ಯಾಕೆ ಬಿತ್ತು ಎಂದು ಯಾರೂ ಕೇಳಲಿಲ್ಲ.

ಮೊದಲ ದಿನವೇ ಹಸುವನ್ನು ಪರೀಕ್ಷಿಸಿದ ಮೇಲೆ ಡಾಕ್ಟರು ಕೇಳಿದ್ದ, “ಚುಚ್ಚಿದ್ದು ಯಾರು?”

“ಇವಳು,” ಎಂದು ಪ್ರಶಾಂತ್ ಬೊಟ್ಟು ಮಾಡಿದ. ಪಟ್ಟಿಯ ಮಾತು ಎತ್ತಲಿಲ್ಲ.

ಡಾಕ್ಟರು ಹಿಂದಿಯಲ್ಲಿ ಬೈದ. “ಕೆಂಪು ಮುಚ್ಚಳದ್ದು ಗಬ್ಬ ಇಳಿಸುವ ಔಷಧ. ಖಾಲಿ ಹಸುವಿಗೆ ಹಾಕಿದರೆ ಬೆದೆ ಬರುತ್ತದೆ, ಗಬ್ಬದ ಹಸುವಿಗೆ ಹಾಕಿದರೆ ಎಲ್ಲ ಇಳಿದುಹೋಗುತ್ತದೆ. ಇಷ್ಟೂ ಗೊತ್ತಿಲ್ಲವಾ ನಿನಗೆ?”

ಶಕುಂತಲಾಳ ಕೈ ತಾನಾಗಿ ಉಡಿಗೆ ಹೋಯಿತು.

“ಸಾಬ್,” ಅಂದಳು, ಅವಳ ಹಿಂದಿಯಲ್ಲಿ. “ಮನುಷ್ಯರಿಗೆ?”

“ನಿನಗೆ ಯಾರು ಚುಚ್ಚಿದರು?” ಎಂದು ಡಾಕ್ಟರು ನಕ್ಕ.

“ಚುಚ್ಚಿಲ್ಲ. ಸೋರುತ್ತದೆ. ಮೈಮೇಲೆ.”

ಡಾಕ್ಟರು ನಗು ನಿಲ್ಲಿಸಿ ಅವಳ ಸೊಂಟ ನೋಡಿದ. ಆಮೇಲೆ ಪ್ರಶಾಂತನ ಮುಖ ನೋಡಿದ. “ಗ್ಲೌಸ್ ಹಾಕಿಕೊಳ್ಳಬೇಕು,” ಎಂದು ಮೆಲ್ಲಗೆ ಹೇಳಿ ಕಾರಿನ ಕಡೆ ನಡೆದ. ಅವನ ಬಲಗೈಗೆ ಆಗಲೂ ಭುಜದವರೆಗಿನ ಉದ್ದನೆಯ ಗ್ಲೌಸು ಇತ್ತು.

ಅವತ್ತು ಸಂಜೆ ಅವಳು ಕಸದ ಬುಟ್ಟಿಯಿಂದ ಕೆಂಪು ಮುಚ್ಚಳದ ಔಷಧದ ಜೊತೆ ಬಂದ ಚೀಟಿಯೊಂದನ್ನು ಹೆಕ್ಕಿದಳು. ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಅಕ್ಷರ. ಸೀರೆಗೆ ಒರೆಸಿ, ರಸ್ತೆಯ ಔಷಧದ ಅಂಗಡಿಗೆ ನಡೆದಳು. ಅಂಗಡಿಯ ಮುದುಕ ಕನ್ನಡಕ ಏರಿಸಿ ಓದಿದ. ಓದುತ್ತಾ ಹಿಂದಿಗೆ ತಿರುಗಿಸಿ ಹೇಳಿದ. ಚರ್ಮದಿಂದ ಮೈಯೊಳಗೆ ಹೋಗುತ್ತದೆ. ಮಕ್ಕಳಾಗುವ ವಯಸ್ಸಿನ ಹೆಂಗಸರು ಎಚ್ಚರವಾಗಿರಬೇಕು. ಬಸುರಿಯರು ಮುಟ್ಟಲೇಬಾರದು. ಉಬ್ಬಸದವರು ಮುಟ್ಟಬಾರದು. ತಾಗಿದರೆ ಕೂಡಲೇ ಸಾಬೂನಿನಿಂದ ತೊಳೆಯಬೇಕು.

“ಬಹು ಸಣ್ಣ ಅಕ್ಷರ ಬೆನ್,” ಅಂದ ಮುದುಕ, ಗುಜರಾತಿಯಲ್ಲಿ ತಂಗಿ ಎನ್ನುವಂತೆ. “ಯಾರು ಓದುತ್ತಾರೆ?” ಆಮೇಲೆ ತಲೆ ಎತ್ತಿ ಅವಳನ್ನು ನೋಡಿದ. “ಯಾಕೆ ಕೇಳಿದೆ?”

ಅವಳು ಚೀಟಿ ಮಡಚಿಕೊಂಡಳು. ಒಂದು ಸಾಬೂನು ಕೊಂಡಳು. ಕೋಣೆಗೆ ಬಂದು ಹೊಟ್ಟೆ ತೊಳೆದಳು. ಒಮ್ಮೆ ತೊಳೆದಳು, ಎರಡು ಸಲ ತೊಳೆದಳು. ಚರ್ಮ ಕೆಂಪಾಗುವವರೆಗೂ ತೊಳೆದಳು. ಎರಡು ವರ್ಷದ್ದು ಹೇಗೆ ತೊಳೆಯುವುದು ಎಂದು ತಿಳಿಯಲಿಲ್ಲ.

ಚಂದ್ರಕಾಂತ ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡ. ರೊಟ್ಟಿ ಕೈಯಲ್ಲೇ ಉಳಿಯಿತು.

“ಕೆಲಸ ಬದ್ಲು ಮಾಡ್ರಿ ಅಂತ ಕೇಳಮು,” ಅಂದ. “ಮೇವಿನ ಕಡಿ ಹಾಕಲಿ.”

“ನನ್ನ ಮೇವಿಗೆ ಹಾಕಿ ಇನ್ನೊಬ್ಬಾಕಿನ ಸೂಜಿಗೆ ಹಾಕ್ತಾರ. ಆಕಿದೂ ಇಳೀಲೇನು?”

“ನಾ ಹಂಗ ಅಂದಿಲ್ಲ.”

“ಮತ್ತ ಹೆಂಗಂದಿ?”

ಅವನು ರೊಟ್ಟಿಯನ್ನು ತಟ್ಟೆಗೆ ಹಾಕಿದ. “ಈ ಖೋಲಿನೂ ಅವರದ,” ಅಂದ. “ಎಲ್ಲಿ ಹೋಗಮು ಶಕ್ಕೂ? ಮತ್ತ ಉಧ್ನಾಕ? ಹತ್ತು ಮಂದಿ ಒಂದ ಖೋಲ್ಯಾಗ?”

ಅವಳು ಎದ್ದು ಬಾಗಿಲಿಗೆ ಹೋಗಿ ನಿಂತಳು. ಬಂದು ಕೂತಳು. ಮತ್ತೆ ಎದ್ದಳು.

ಮರುದಿನ ಪ್ರಶಾಂತನನ್ನು ಕೇಳಿದಳು, ಗ್ಲೌಸು ಕೊಡ್ರಿ ಎಂದು. ಅವನು ಶೇಠ್‌ಗೆ ಕೇಳುತ್ತೇನೆ ಅಂದ. ಮೂರನೇ ದಿನ ಕೇಳಿದಳು, ಸ್ಟಾಕಿಲ್ಲ ಅಂದ. ಬಾಟಲಿ ರೂಮಿನಲ್ಲಿ ಡಬ್ಬಿಗಟ್ಟಲೆ ಅವಲ್ರಿ ಅಂದಳು. ಅವು ಹಾಲಿನ ಸಲುವಾಗಿ ಅಂದ. ನಾನು ಬಸುರಿ ಅದೀನ್ರಿ ಅಂದಳು. ಯಾರಿಗೂ ಹೇಳಬಾರದೆಂದಿದ್ದ ಮಾತು ಹಾಗೆ, ಸಗಣಿ ಗುಡ್ಡೆಯ ಪಕ್ಕ, ಆ ಮನುಷ್ಯನ ಮುಂದೆ ಹೊರಬಿತ್ತು. ಪ್ರಶಾಂತ್ ಮೊಬೈಲು ನೋಡುತ್ತಾ ಹೇಳಿದ, “ನಿಮ್ಮ ಮಂದಿಗೇನವ್ವಾ, ವರ್ಷಕ್ಕೊಂದು. ಹೋದ್ರ ಮತ್ತೊಂದು ಆಕ್ಕೈತಿ.”

ಪ್ರೇಮಾ ಪಕ್ಕದಲ್ಲೇ ಇದ್ದಳು. ಅವಳು ನಗಲಿಲ್ಲ.

ಹೊಸ ಬ್ಯಾಚಿನ ಮೊದಲ ದಿನ ಶಕುಂತಲಾ ಹಸಿರು ಮುಚ್ಚಳದ ಸೂಜಿ ಹಾಕಿದಳು. ಚೀಟಿ ಓದಿದ ಮುದುಕ ಅದರ ಬಗ್ಗೆ ಏನೂ ಹೇಳಿರಲಿಲ್ಲ. ಆದರೂ ಉಡಿ ಕಟ್ಟಲಿಲ್ಲ. ಒಂದೊಂದೇ ತಂದು ಹಾಕಿದಳು. ನಲವತ್ತೆಂಟು ಸಲ ಹೋಗಿ ಬಂದಳು. ತಡವಾಯಿತೆಂದು ಪ್ರಶಾಂತ್ ಕೂಗಾಡಿದ. ಆಮೇಲೆ ಏಳು ದಿನ. ಹಗಲು ಕಳೆಯುತ್ತಿರಲಿಲ್ಲ. ಹಾಲು ಕರೆಯುವ ಯಂತ್ರದ ಟಕಟಕ ಸದ್ದು ತಲೆಯೊಳಗೇ ಬಡಿಯುತ್ತಿತ್ತು. ಪ್ರೇಮಾ ಒಂದು ಮಧ್ಯಾಹ್ನ, “ಏನ್ ವಿಚಾರ ಮಾಡಿದೆವ್ವ?” ಅಂದಳು. “ಗೊತ್ತಿಲ್ಲಕ್ಕ,” ಅಂದಳು ಶಕುಂತಲಾ. ನಿಜಕ್ಕೂ ಗೊತ್ತಿರಲಿಲ್ಲ.

ಏಳನೇ ದಿನ ಬೆಳಿಗ್ಗೆ ಆರಕ್ಕೆ ನಲವತ್ತೆಂಟು ಹಸು ಸಾಲಾಗಿ ನಿಂತಿದ್ದವು. ಕತ್ತುಗಳು ಕಬ್ಬಿಣದ ಸರಳಿನ ನಡುವೆ ಸಿಕ್ಕಿಕೊಂಡಿದ್ದವು. ಸಾಲಿನ ತುದಿಯಲ್ಲಿ ಒಂದೇ ಸನ್ನೆಗೋಲು. ಅದನ್ನು ಕೆಳಗೆ ಎಳೆದರೆ ಎಲ್ಲ ಕತ್ತೂ ಬಿಡುತ್ತವೆ. ಡಾಕ್ಟರ್ ಹೃಷಿಕೇಶ ಬೇರೆ ಹಸು ನೋಡಲು ಬಂದವನು ಬೇಲಿಗೆ ಒರಗಿ ನಿಂತಿದ್ದ. ಪ್ರಶಾಂತ್ ಟ್ರೇ ತಂದ. ಕೆಂಪು ಮುಚ್ಚಳಗಳು.

“ತಗೋ. ಟೈಮ್ ಆತು.”

ಶಕುಂತಲಾ ಕೈ ಚಾಚಲಿಲ್ಲ.

“ನಾ ಮುಟ್ಟಂಗಿಲ್ರಿ.”

“ಏನು?”

“ಇದನ್ನ ನಾ ಮುಟ್ಟಂಗಿಲ್ಲ. ನನ್ನ ಎರಡು ಕೂಸು ಇದರಿಂದ ಹೋಗ್ಯಾವ. ಮೂರನೇದು ಒಳಗದ.”

“ಯಾರ್ ಹೇಳ್ಯಾರ ನಿನಗ ಇದರಿಂದ ಅಂತ? ಡಾಕ್ಟರ್ ಹೇಳ್ಯಾನ?”

“ಬೆಳ್ಳಕ್ಕಿ ಹೇಳ್ತು.”

ಡಾಕ್ಟರು ಕನ್ನಡ ಅರ್ಥವಾಗದೆ ಗಡಿಯಾರ ನೋಡಿಕೊಂಡ. ಪ್ರಶಾಂತ್ ಪ್ರೇಮಾಳ ಕಡೆ ಟ್ರೇ ತಿರುಗಿಸಿದ. ಪ್ರೇಮಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. “ನನ್ನ ಸನಾದಿ ಕೆಟ್ಟದರಿ ಸಾಹೇಬ್ರ,” ಅಂದಳು. ಮೇವಿನ ಹೆಂಗಸರು ಇಬ್ಬರು ಬುಟ್ಟಿ ಇಳಿಸಿ ನಿಂತು ನೋಡಿದರು. ಪ್ರಶಾಂತ್ ಅವರನ್ನು ಕರೆದ. ಅವರು ಬುಟ್ಟಿ ಎತ್ತಿಕೊಂಡು ಹೋದರು.

ಪ್ರಶಾಂತ್ ಶಕುಂತಲಾಳ ಕಡೆ ತಿರುಗಿದ. “ಎಲ್ಲಿಂದ ಬಂದೀರಿ ಅಂತ ಮರೀಬ್ಯಾಡ್ರಿ,” ಅಂದ. “ನಾ ಇಲ್ಲಂದ್ರ ನಿಮ್ಮನ್ನ ಇಲ್ಲಿ ಯಾರು ಒಳಗ ಬಿಟ್ಟುಕೊಳ್ತಿದ್ರು?”

“ಎಲ್ಲಿಂದ ಬಂದೀವಿ ಅಂತ ನೀವ ಕೇಳಿದ್ರಿ, ಮೊದಲನೇ ದಿನ,” ಅಂದಳು ಶಕುಂತಲಾ. “ನಾವು ಮರೆತಿಲ್ಲ.”

ಆರೂಕಾಲಾಯಿತು. ಪ್ರಶಾಂತ್ ಟ್ರೇ ನೆಲಕ್ಕಿಟ್ಟು ಬಾಟಲಿ ರೂಮಿನ ಕಡೆ ದಾಪುಗಾಲು ಹಾಕಿ ಹೋದ. ಬರುವಾಗ ಅವನ ಕೈಯಲ್ಲಿ ನೀಲಿ ಗ್ಲೌಸುಗಳಿದ್ದವು. ಒಂದು ಜೊತೆ ಹಾಕಿಕೊಂಡ. ಅದರ ಮೇಲೆ ಇನ್ನೊಂದು ಜೊತೆ. ಮಣಿಕಟ್ಟಿನ ತನಕ ಎಳೆದುಕೊಂಡ. ಅಂಗಿಯ ತೋಳು ಇಳಿಸಿ ಗುಂಡಿ ಹಾಕಿದ. ಆಮೇಲೆ ಸಿರಿಂಜನ್ನು ಮೈಯಿಂದ ದೂರ, ಎರಡೇ ಬೆರಳಲ್ಲಿ ಎತ್ತಿಕೊಂಡ.

ಯಾರೂ ಅವನಿಗೆ ಹೇಳಿಕೊಡಲಿಲ್ಲ.

ಶಕುಂತಲಾ ಅವನ ಕೈಯನ್ನೇ ನೋಡುತ್ತಾ ನಿಂತಳು. ಇಷ್ಟು ದಿನ ಅವಳು ಅಂದುಕೊಂಡಿದ್ದು, ಇವನಿಗೂ ಗೊತ್ತಿರಲಿಕ್ಕಿಲ್ಲ ಎಂದು. ಸಣ್ಣ ಅಕ್ಷರ, ಯಾರು ಓದುತ್ತಾರೆ. ಮನಸ್ಸಿನ ಒಂದು ಮೂಲೆಯಲ್ಲಿ ಅವನಿಗೆ ಅಷ್ಟು ಜಾಗ ಬಿಟ್ಟಿದ್ದಳು.

ಪ್ರಶಾಂತ್ ಮೊದಲ ಹಸುವಿಗೆ ಚುಚ್ಚಿದ. ಕೈಗೆ ಅಭ್ಯಾಸ ತಪ್ಪಿತ್ತು. ಹಸು ಒದೆಯಿತು, ಅವನು ಹಾರಿ ಹಿಂದೆ ಸರಿದ. ಎರಡನೆಯದು. ಅದನ್ನು ಬಿಟ್ಟು ನಾಲ್ಕನೆಯದು. ಸಿಟ್ಟಿನಲ್ಲಿ ಏಳನೆಯದಕ್ಕೆ ಹೋಗಿ ಮತ್ತೆ ಮೂರನೆಯದಕ್ಕೆ ಬಂದ. ಹತ್ತೋ ಹನ್ನೆರಡೋ ಆದವು. ಬೆನ್ನಿನ ಮೇಲೆ ಗೆರೆ ಎಳೆಯುವುದನ್ನು ಮರೆತಿದ್ದ. ಸೀಮೆಸುಣ್ಣ ಶಕುಂತಲಾಳ ಸೊಂಟದಲ್ಲೇ ಇತ್ತು. ಅವಳು ನೋಡಿದಳು. ಹೇಳಲಿಲ್ಲ.

ಸಾಲಿನ ತುದಿಗೆ ನಡೆದು ಎರಡೂ ಕೈಯಲ್ಲಿ ಸನ್ನೆಗೋಲು ಹಿಡಿದು ಕೆಳಗೆ ಎಳೆದಳು.

ಕಬ್ಬಿಣ ಸಾಲುದ್ದಕ್ಕೂ ಖಣಖಣ ಎಂದಿತು. ನಲವತ್ತೆಂಟು ಕತ್ತು ಹಿಂದೆ ಸರಿದವು. ಕರಿ ಬಿಳಿ ಬೆನ್ನುಗಳು ತಿರುಗಿ, ಒಂದನ್ನೊಂದು ತಳ್ಳಿ, ನೀರಿನ ತೊಟ್ಟಿಯ ಕಡೆ ನಡೆದು ಕಲೆತುಹೋದವು. ಪ್ರಶಾಂತ್ ಸೂಜಿ ಹಿಡಿದು ನಡುವೆ ನಿಂತಿದ್ದ.

ಡಾಕ್ಟರು ಕೂಗಿದ, “ಯಾವುದಕ್ಕೆ ಹಾಕಿದೆ?”

ಪ್ರಶಾಂತ್ ಒಂದು ಬೆನ್ನು ನೋಡಿದ. ಇನ್ನೊಂದು ನೋಡಿದ. ಯಾವುದರ ಮೇಲೂ ಗೆರೆಯಿರಲಿಲ್ಲ.

“ಬ್ಯಾಚ್ ಹೋಯಿತು,” ಅಂದ ಡಾಕ್ಟರು. “ಮೊದಲಿನಿಂದ ಶುರು ಮಾಡಬೇಕು. ಯಾರು ಬಿಟ್ಟದ್ದು?”

“ನಾನು,” ಅಂದಳು ಶಕುಂತಲಾ ಹಿಂದಿಯಲ್ಲಿ. “ಬೆಳ್ಳಕ್ಕಿಗೆ ಚುಚ್ಚಿದ್ದೂ ನಾನೇ. ಅದು ತಪ್ಪು. ಇದು ತಪ್ಪಲ್ಲ.”

ಒಂಬತ್ತು ಗಂಟೆಗೆ ಅವರ ಖೋಲಿಯ ಸಾಮಾನು ಗೇಟಿನ ಹೊರಗಿತ್ತು. ಎರಡು ಗೋಣಿಚೀಲ, ಒಂದು ಟ್ರಂಕು, ರೊಟ್ಟಿಯ ಹಂಚು. ಚಂದ್ರಕಾಂತ ಎಲ್ಲವನ್ನೂ ಒಬ್ಬನೇ ಹೊತ್ತು ತಂದ. ಅವಳಿಗೆ ಹಂಚನ್ನೂ ಎತ್ತಲು ಬಿಡಲಿಲ್ಲ. ಒಂದು ಮಾತೂ ಬೈಯಲಿಲ್ಲ. ಪ್ರೇಮಾ ತನ್ನ ಗಂಟು ತಂದು ಟ್ರಂಕಿನ ಮೇಲೆ ಕೂತು, ಆಳವಾಗಿ ಉಸಿರೆಳೆದು ನೋಡಿದಳು. ಎದೆಯಿಂದ ಸದ್ದು ಬರಲಿಲ್ಲ.

ಪ್ರಶಾಂತನನ್ನು ಬಿಟ್ಟರೆ ಸೂಜಿ ಹಿಡಿಯಬಲ್ಲವರು ಆ ಡೈರಿಯಲ್ಲಿ ಇನ್ನಾರೂ ಇರಲಿಲ್ಲ. ಹತ್ತೂವರೆಗೆ ಪ್ರಶಾಂತ್ ಗೇಟಿಗೆ ಬಂದ. ಫೋನನ್ನು ಕೈಯಲ್ಲಿ ಮುಂದೆ ಹಿಡಿದಿದ್ದ. ಶೇಠ್‌ನ ದನಿ ಹೊರಗೆ ಕೇಳುತ್ತಿತ್ತು.

“ಶಕುಂತಲಾ ಬೆನ್,” ಅಂದಿತು ದನಿ. ಎರಡು ವರ್ಷದಲ್ಲಿ ಅವನ ಬಾಯಲ್ಲಿ ಅವಳ ಹೆಸರು ಮೊದಲ ಸಲ. “ಮನೆಯವರಂತೆ ಇದ್ದೀರಿ ನೀವು. ಸಣ್ಣ ಮಾತಿಗೆ ಯಾಕೆ ಹೋಗುವುದು? ಗ್ಲೌಸ್ ಬರುತ್ತದೆ. ನಿನಗೆ ಬಾಟಲಿ ರೂಮಿನಲ್ಲಿ ಕೆಲಸ. ಕೂತು ಮಾಡುವ ಕೆಲಸ. ಮಗು ಆಗುವವರೆಗೆ ಆರಾಮ. ಆ ಇನ್ನೊಬ್ಬಳಿಗೂ ಹೇಳು.”

ಚಂದ್ರಕಾಂತ ಅವಳ ಮುಖ ನೋಡಿದ. ಅವನ ಕಣ್ಣಲ್ಲಿ ಆಸೆ ಕಂಡಿತು. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಿಸಿಲು ಏರುತ್ತಿತ್ತು. ಹೋಗಬೇಕಾದ ಜಾಗ ಇನ್ನೂ ಗೊತ್ತಾಗಿರಲಿಲ್ಲ.

ಅವಳು ಫೋನಿನ ಹತ್ತಿರ ಬಂದಳು.

“ಶೇಠ್‌ಜಿ,” ಅಂದಳು ಹಿಂದಿಯಲ್ಲಿ, ಒಂದೊಂದೇ ಶಬ್ದ ಇಟ್ಟು. “ಬರುವ ಮಾತು ಆಮೇಲೆ. ಮೊದಲು ಒಂದು ಹೇಳಿ. ಆ ಔಷಧ ಹೆಂಗಸರಿಗೆ ಏನು ಮಾಡುತ್ತದೆ ಎಂದು ನಿಮಗೆ ಯಾವಾಗಿಂದ ಗೊತ್ತಿತ್ತು? ನನ್ನ ಮೊದಲನೆಯದು ಹೋಗುವ ಮೊದಲೋ, ಆಮೇಲೋ?”

ಫೋನಿನಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಯಾರೋ ಗುಜರಾತಿಯಲ್ಲಿ ಏನೋ ಅಂದರು. ಆಮೇಲೆ ಫೋನು ಕಟ್ಟಾಯಿತು.

ಪ್ರಶಾಂತ್ ಅದನ್ನು ಕಿಸೆಗೆ ಇಳಿಸಲು ಹೋದ.

“ಇನ್ನೊಮ್ಮೆ ಹಚ್ರಿ,” ಅಂದಳು ಶಕುಂತಲಾ.